ಬೆಳೆಯುತ್ತಾ ಹೋದ ಬಾಳೆಹಣ್ಣು

1989ರಲ್ಲಿ ದಿನೇಶ್ ಬಾಬು ‘ಇದು ಸಾಧ್ಯ’ ಸಿನಿಮಾದ ಶೂಟಿಂಗನ್ನು ಎರಡೇ ದಿನದೊಳಗೆ ಮುಗಿಸಿದ್ದರು. ಅಂದ ಮೇಲೆ ಏಳು ನಿಮಿಷದ್ದು ನಮ್ಮ ಕೈಲಾಗದೇ? ಅವರ ಬಳಿ ಅನಂತನಾಗ್, ಶಂಕರನಾಗ್ ಇದ್ದರು, ನನ್ನ ಬಳಿ ಭಾವ ಇದ್ದಾರೆ ಎಂಬ ಸಣ್ಣ ವ್ಯತ್ಯಾಸ ಆಗ ನನ್ನ ಲೆಕ್ಕಕ್ಕೇ ಬರಲಿಲ್ಲ.

2001ರಲ್ಲಿ ವಾಷಿಂಗ್ಟನ್ನಿನಲ್ಲಿ ಶುರುವಾದ 48 ಗಂಟೆಯ ಸಿನಿಮಾ ಪಂದ್ಯದ ಹುಚ್ಚು ಬೆಂಗಳೂರಿಗೂ ಹತ್ತಿದೆ. ನಾವು ಸೇರಿದ್ದು ಅದೇ ಅಚ್ಚಿನದು. ಶುಕ್ರವಾರ ಸಂಜೆ ಏಳಕ್ಕೆ ಚೀಟಿ ಎತ್ತಬೇಕು, ಭಾನುವಾರ ಸಂಜೆ ಏಳೂವರೆಗೆ ಸಿನಿಮಾ ಒಪ್ಪಿಸಬೇಕು. ಎಲ್ಲ ತಂಡಕ್ಕೂ ಒಂದೇ ಪಾತ್ರ, ಒಂದೇ ವಸ್ತು, ಒಂದೇ ಮಾತು. ಕಥೆಯನ್ನು ಮೊದಲೇ ಬರೆದಿಟ್ಟುಕೊಳ್ಳುವಂತಿಲ್ಲ. ನಾನು ಮೂರು ಬರೆದಿಟ್ಟುಕೊಂಡಿದ್ದೆ, ಒಂದೂ ಒಗ್ಗಲಿಲ್ಲ. ಚೀಟಿಯಲ್ಲಿ ಬಂದದ್ದು ಹಾರರ್. ಪಾತ್ರ ಪೋಸ್ಟ್‌ಮ್ಯಾನ್. ವಸ್ತು ಬಾಳೆಹಣ್ಣು.

ಸತ್ತ ಪೋಸ್ಟ್‌ಮ್ಯಾನ್ ನಡುರಾತ್ರಿ ಮನೆಗೆ ಬಂದು, ತನಗೇ ಇಟ್ಟ ಎಡೆಯ ಬಾಳೆಹಣ್ಣನ್ನು ನಿಧಾನವಾಗಿ ಸುಲಿದು ತಿನ್ನುತ್ತಾನೆ. ಕಥೆ ಹೊಳೆದಾಗ ನನಗೇ ಮೈ ಜುಮ್ಮೆಂದಿತು. ಕಾಲೇಜಿನಲ್ಲಿ ನಾಟಕ ಮಾಡಿ, ಆಮೇಲೆ ಮೂವತ್ತು ವರ್ಷ ಕಚೇರಿಯ ಕಡತಗಳಲ್ಲಿ ಹೂತುಹೋಗಿದ್ದ ಭಾವ ಖಾಕಿ ತೊಟ್ಟು ಎದ್ದುಬಂದರು.

ಶನಿವಾರ ರಾತ್ರಿ ಹನ್ನೊಂದು. ಮೊದಲ ಟೇಕಿಗೆ ಬೀದಿನಾಯಿ ಬೊಗಳಿತು. ಎರಡನೆಯದಕ್ಕೆ ಗೂರ್ಖನ ಸೀಟಿ. ಮೂರನೆಯದು ಅದ್ಭುತವಾಗಿತ್ತು, ಆದರೆ ಕ್ಯಾಮೆರಾ ಆನ್ ಆಗಿರಲಿಲ್ಲ. ನಾಲ್ಕಕ್ಕೆ ನನಗೇ ನಗು ಬಂತು. ಐದರಿಂದ ಒಂಬತ್ತರವರೆಗೆ ನಮ್ಮ ಕ್ಯಾಮೆರಾ ಹುಡುಗ, ಯೂಟ್ಯೂಬ್ ನೋಡಿ ಕಲಿತ ಮಹಾಶಯ, “ಮೂಡ್ ಬರ್ತಿಲ್ಲ ಸಾರ್” ಎಂದು ತಲೆಯಾಡಿಸಿದ. ಮೂಡ್ ಬಾರದಿದ್ದರೂ ಹಣ್ಣು ಹೊಟ್ಟೆಗೆ ಹೋಗಲೇಬೇಕಲ್ಲ. ಪ್ರತಿ ಟೇಕಿಗೂ ಒಂದು ಇಡೀ ಹಣ್ಣು. ಹನ್ನೆರಡನೆಯದಕ್ಕೆ ಡಜನ್ ಏಲಕ್ಕಿ ಬಾಳೆ ಮುಗಿಯಿತು. ಹೊತ್ತು ಒಂದೂವರೆ. ಆ ಹೊತ್ತಲ್ಲಿ ಬೆಂಗಳೂರಿನಲ್ಲಿ ಬಿರಿಯಾನಿ ಬೇಕಾದರೆ ಸಿಗುತ್ತದೆ, ಬಾಳೆಹಣ್ಣು ಸಿಗುವುದಿಲ್ಲ. ಕೊನೆಗೆ ದೇವರ ಮನೆಗೆ ನುಗ್ಗಿ ತಟ್ಟೆಯಲ್ಲಿದ್ದ ಎರಡು ಪಚ್ಚಬಾಳೆ ಎತ್ತಿಕೊಂಡು ಬಂದೆ. ಕ್ಲೋಸಪ್ ಅದರಲ್ಲೇ ತೆಗೆದೆವು.

ಎಡಿಟಿಂಗಿಗೆ ಕೂತಾಗಲೇ ಬೆಳಕಾದದ್ದು. ದೂರದ ಶಾಟಿನಲ್ಲಿ ಭಾವನ ಕೈಯಲ್ಲಿ ಹೆಬ್ಬೆರಳುದ್ದದ ಹಣ್ಣು. ಒಂದು ಕಚ್ಚುತ್ತಾರೆ. ಕ್ಲೋಸಪ್: ಅಂಗೈಯಿಂದ ಆಚೆ ಗೇಣುದ್ದ ಚಾಚಿದ ಹಣ್ಣು. ಇನ್ನೊಂದು ಕಚ್ಚುತ್ತಾರೆ, ಮತ್ತೆ ಹೆಬ್ಬೆರಳು. ಆಮೇಲೆ, ಸಿಪ್ಪೆಯನ್ನೂ ಬಿಡಿಸದ ಇಡೀ ಹಣ್ಣು. ತಿಂದಷ್ಟೂ ಬೆಳೆಯುವ ಬಾಳೆಹಣ್ಣನ್ನು ಕಂಡು ಸತ್ತವನ ಮುಖದಲ್ಲಿ ಮಾತ್ರ ಒಂದಿನಿತೂ ಆಶ್ಚರ್ಯವಿಲ್ಲ. “ಸಿಂಬಾಲಿಕ್ ಆಗಿದೆ ಸಾರ್” ಎಂದ ಯೂಟ್ಯೂಬ್ ಪಂಡಿತ. ಕೈಗೆ ಸಿಕ್ಕಿದ್ದರೆ ಟ್ರೈಪಾಡಿನಲ್ಲೇ ಬಾರಿಸುತ್ತಿದ್ದೆ.

ಬೆಳಗ್ಗೆಯೇ ಅಕ್ಕನ ಫೋನ್. ಭಾವ ರಾತ್ರಿಯಿಂದ ಚೊಂಬುಗಟ್ಟಲೆ ನೀರು ಕುಡಿದು, ಮಂಪರಿನಲ್ಲಿ ಕೂತಿದ್ದರಂತೆ. ಶುಗರ್ ನೋಡಿದರೆ ಮುನ್ನೂರು ದಾಟಿದೆ. “ಇವರಿಗೆ ಸಕ್ಕರೆ ಕಾಯಿಲೆ ಇರೋದು ನಿಂಗೆ ಗೊತ್ತಿರ್ಲಿಲ್ವೇನೋ?” ಅಂದಳು.

ಗೊತ್ತಿತ್ತು. ನಾಲ್ಕನೇ ಹಣ್ಣಿಗೆ ಒಮ್ಮೆ ನೆನಪೂ ಆಗಿತ್ತು. ಬೆಳಕು ಚೆನ್ನಾಗಿತ್ತು, ಸುಮ್ಮನಾಗಿದ್ದೆ.

ಎಡಿಟಿಂಗನ್ನು ಹುಡುಗರ ತಲೆಗೆ ಕಟ್ಟಿ ಓಡಿದೆ. ಡಾಕ್ಟರು ಬೈದು, ಮಾತ್ರೆ ಬದಲಿಸಿ ಕಳಿಸಿದರು. ಆಟೋದಲ್ಲಿ ಕೂತ ಭಾವ ಮೆಲ್ಲಗೆ ಕೇಳಿದ್ದು ಒಂದೇ: “ಯಾವ ಟೇಕ್ ಇಟ್ಟೆ?”

ಸಿನಿಮಾ ಒಪ್ಪಿಸಿದ್ದು ಹನ್ನೊಂದು ನಿಮಿಷ ತಡವಾಗಿ. ತಡವಾದದ್ದನ್ನು ತೋರಿಸುತ್ತಾರೆ, ಬಹುಮಾನಕ್ಕೆ ಸೇರಿಸುವುದಿಲ್ಲ. ತೆರೆಯ ಮೇಲೆ ಹಣ್ಣು ಎರಡನೇ ಸಲ ಬೆಳೆದಾಗ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನು ಕುರ್ಚಿಯಲ್ಲಿ ಕುಗ್ಗಿದೆ. ಭಾವ ಎದ್ದು ನಿಂತು ಎರಡೂ ಕಡೆಗೆ ಕೈ ಮುಗಿದರು.

ಮುಂದಿನ ವರ್ಷಕ್ಕೆ ಅವರ ಖಾಕಿ ಇಸ್ತ್ರಿಯಾಗಿ ಬೀರುವಿನಲ್ಲಿ ಕೂತಿದೆ. ಚೀಟಿಯಲ್ಲಿ ಹಾಗಲಕಾಯಿ ಬರಲಿ ಎಂದು ಅಕ್ಕ ಹರಕೆ ಹೊತ್ತಿದ್ದಾಳೆ.