ಬೋಂಡನ ಜಾತಿ ಕೇಳಿದ ಸಾಹುಕಾರರಿಗೆ

ಗೇಟಿನ ಮೇಲೆ ನಾಯಿ ಹೆಜ್ಜೆ ಬರೆಸಿಕೊಂಡಿರುವ ಕಡಲತಡಿಯ ರೆಸಾರ್ಟಿನ ಮಾಲೀಕರಿಗೆ ನಮಸ್ಕಾರ.

ತಮ್ಮ ಬೋರ್ಡು ಬಹಳ ಚೆನ್ನಾಗಿದೆ. ನಾಯಿಯ ಹೆಜ್ಜೆ, ಅದರ ಪಕ್ಕ ಕೆಂಪು ಹೃದಯ, ಕೆಳಗೆ 'ಪೆಟ್ ಫ್ರೆಂಡ್ಲಿ'. ಕತ್ತಲಾದ ಮೇಲೆ ಲೈಟೂ ಹತ್ತುತ್ತದಂತೆ. ಅದನ್ನು ನೋಡುವ ಭಾಗ್ಯ ನಮಗೆ ಸಿಗಲಿಲ್ಲ. ಹೊತ್ತು ಮುಳುಗುವ ಮೊದಲೇ ತಮ್ಮ ಮ್ಯಾನೇಜರು ನಮ್ಮನ್ನು ಬಹಳ ಮರ್ಯಾದೆಯಿಂದ ಗೇಟಿನ ತನಕ ಬಿಟ್ಟು ಹೋದರು. ಊರಿಗೆ ಹೋಗಿ, ಸಿಟ್ಟು ಇಳಿದ ಮೇಲೆ ಬರೆ ಎಂದರು ನಮ್ಮ ಯಜಮಾನರು. ಸಿಟ್ಟು ಇಳಿದ ಮೇಲೆ ಯಾರಾದರೂ ಪತ್ರ ಬರೆಯುತ್ತಾರೆಯೇ?

ನಾವು ಐದು ಜನ. ನಾನು, ಯಜಮಾನರು, ಪಿಯುಸಿಯ ಮಗ, ಒಂಬತ್ತನೇ ಕ್ಲಾಸಿನ ಮಗಳು ಮತ್ತು ಬೋಂಡ. ಈ ವಯಸ್ಸಿನ ಮಕ್ಕಳನ್ನು ಸಮುದ್ರಕ್ಕೆ ಕರೆತರುವುದೆಂದರೆ ಏನೆಂದು ತಮಗೂ ಗೊತ್ತಿರಬಹುದು. ಮಗನಿಗೆ ವೈಫೈ ಬೇಕು, ಜೊತೆಗೆ ಸಮುದ್ರ ಇದ್ದರೂ ಅಭ್ಯಂತರವಿಲ್ಲ. ಮಗಳಿಗೆ ಸಮುದ್ರ ಬೇಕು, ಉಪ್ಪುನೀರು ಕೂದಲಿಗೆ ತಾಗಕೂಡದು. ನಾವಿಬ್ಬರೂ ಹತ್ತು ಮಾರು ಹಿಂದೆಯೇ ನಡೆಯಬೇಕು, ಯಾರ ಅಪ್ಪ ಅಮ್ಮನೋ ಎಂಬಂತೆ. ದೇವಸ್ಥಾನದ ಮಾತೇ ಕೂಡದು. ಮುರುಡೇಶ್ವರದ ಶಿವನನ್ನು ಕಾರಿನಿಂದಲೇ ನೋಡಿದರೆ ಸಾಕಂತೆ. 123 ಅಡಿ ಎತ್ತರಕ್ಕೆ ಕಟ್ಟಿರುವುದು ಅದಕ್ಕೇ ಅಲ್ಲವಾ ಎಂದು ಮಗನ ವಾದ. ಮನೆಯಲ್ಲಿ ಇಬ್ಬರೂ ಜಗಳವಿಲ್ಲದೆ ಒಪ್ಪುವ ಒಂದೇ ಒಂದು ಜೀವ ಬೋಂಡ. ಅವನ ಚೈನು ಕೈಗೆ ಕೊಟ್ಟರೆ ಮಗನ ಫೋನು ಜೇಬಿಗೆ ಹೋಗುತ್ತದೆ. ಮಗಳು ಬೆಳಿಗ್ಗೆ ಆರಕ್ಕೆ ಏಳುತ್ತಾಳೆ. ನಾಯಿಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದರೆ ನಾವು ನಾಲ್ವರೂ ನಾಲ್ಕು ಮೂಲೆಯಲ್ಲಿ ಕೂತು ಚಾರ್ಜರಿಗಾಗಿ ಕಿತ್ತಾಡುತ್ತಿದ್ದೆವು. ನಾವು ನಾಯಿಯನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದಲ್ಲ ಸ್ವಾಮಿ, ನಾಯಿ ನಮ್ಮನ್ನು ಕರೆದುಕೊಂಡು ಹೋಗುವುದು.

ಅವನನ್ನು ಕರಾವಳಿಗೆ ತರುವುದೇ ಒಂದು ಯಜ್ಞ. ರೈಲಿನಲ್ಲಾದರೆ ನಾಯಿ ಜೊತೆಯಲ್ಲಿ ಕೂರಲು ಫಸ್ಟ್ ಕ್ಲಾಸಿನ ಇಡೀ ಕೂಪೆಯೋ ಕ್ಯಾಬಿನ್ನೋ ನಮ್ಮದೇ ಆಗಿರಬೇಕು. ಅದು ಸಿಕ್ಕಿತೋ ಇಲ್ಲವೋ ಚಾರ್ಟ್ ತಯಾರಾಗುವ ತನಕ ಗೊತ್ತಾಗುವುದಿಲ್ಲ. ಸಿಗದಿದ್ದರೆ ನಾಯಿ ಗಾರ್ಡಿನ ಬೋಗಿಯ ಪೆಟ್ಟಿಗೆಯೊಳಗೆ. ದೀಪಾವಳಿ ಬಂತೆಂದರೆ ಮಂಚದಡಿಯಿಂದ ಹೊರಗೆ ಬರದ ನಮ್ಮ ಬೋಂಡ, ಸಕಲೇಶಪುರ ಸುಬ್ರಹ್ಮಣ್ಯದ ನಡುವಿನ 57 ಸುರಂಗಗಳನ್ನು ಆ ಪೆಟ್ಟಿಗೆಯಲ್ಲಿ ಒಬ್ಬನೇ ದಾಟಬೇಕು. ಬಸ್ಸು ವಾಸಿ. ಸಾರಿಗೆ ನಿಗಮದವರು ನಾಯಿಗೂ ಟಿಕೆಟ್ ಹರಿಯುತ್ತಾರೆ, 2022ರಲ್ಲಿ ಅದನ್ನು ಅರ್ಧ ಟಿಕೆಟ್ಟಿಗೆ ಇಳಿಸಿದರು. ಆದರೆ ಅದು ಸಾಮಾನ್ಯ ಬಸ್ಸಿನ ಮಾತು. ಕೆಂಪು ಬಸ್ಸಿನಲ್ಲಿ ನಾಯಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದರೆ ಮಕ್ಕಳು ಹಾಸನದಲ್ಲೇ ನಮ್ಮ ಪರಿಚಯ ಮರೆಯುತ್ತಾರೆ. ಹಾಗಾಗಿ ಕಾರು.

ಇನ್ನು ಬೀಚು. ಕಾಸರಕೋಡು ಮತ್ತು ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಆ ಬಾವುಟ ಹಾರುವಲ್ಲಿ ನಾಯಿಗಳ ಓಡಾಟಕ್ಕೆ ಬಿಗಿ ನಿಯಮ. ಸರಿಯೇ. ಅದನ್ನು ಅವರು ಮೊದಲೇ ಬರೆದು ತಿಳಿಸಿದ್ದಾರೆ, ನಾನೂ ಮೊದಲೇ ಪಟ್ಟಿಯಿಂದ ಹೊಡೆದುಹಾಕಿದೆ, ಯಾರ ಮೇಲೂ ಸಿಟ್ಟಿಲ್ಲ. ರಜೆಯ ದಿನಗಳಲ್ಲಿ ಮಲ್ಪೆ ಅಂದರೆ ಜಾತ್ರೆ. ಗೋಕರ್ಣದ ಕುಡ್ಲೆ, ಓಂ ಬೀಚುಗಳಲ್ಲಿ ಅಲ್ಲಿನ ನಾಯಿಗಳದೇ ಪಾಳೆಗಾರಿಕೆ, ಹೊರಗಿನವನು ಕಾಲಿಟ್ಟರೆ ವಿಚಾರಣೆ. ಹೀಗೆ ಒಂದೊಂದೇ ಬಿಟ್ಟು ಬಿಟ್ಟು ಕೊನೆಗೆ ಉಳಿದದ್ದು ತಾವು. ಗಾಳಿಮರದ ತೋಪು, ಜನವಿಲ್ಲದ ಮರಳು, ಈಜುಕೊಳ, ವೈಫೈ, ಮೇಲೆ ಆ ಹೃದಯವಿರುವ ಬೋರ್ಡು. ಫೋನು ಮಾಡಿದೆ. "ತನ್ನಿ ಮೇಡಂ, ಎಂತ ತೊಂದ್ರೆ ಇಲ್ಲ. ನಾವೂ ನಾಯಿ ಸಾಕಿದವರೇ" ಎಂದರು ತಮ್ಮವರು. ಅರ್ಧ ಅಡ್ವಾನ್ಸು ಆಗಲೇ ಹಾಕಿಸಿಕೊಂಡರು. ನಾಯಿಗೆ ಬೇರೆ ಚಾರ್ಜು. ಮಗಳಿಗೆ ಹಾಕುವ ಎಕ್ಸ್‌ಟ್ರಾ ಬೆಡ್ಡಿಗಿಂತ ಜಾಸ್ತಿ. ಮಗಳು ಅದನ್ನು ಇನ್ನೂ ಮರೆತಿಲ್ಲ.

ಬಂದು ಇಳಿದೆವು. ಕೌಂಟರಿನ ಡ್ರಾಯರಿನಿಂದ ಲ್ಯಾಮಿನೇಶನ್ ಮಾಡಿಸಿದ ಹಾಳೆಯೊಂದು ಹೊರಬಿತ್ತು. ನಾಯಿಯನ್ನು ಲಾನಿನ ಮೇಲೆ ಬಿಡಕೂಡದು. ಊಟದ ಹಾಲಿಗೆ ತರಕೂಡದು. ಈಜುಕೊಳದ ಸುತ್ತ ಸುಳಿಯಕೂಡದು. ಬೀಚಿಗೆ ರೆಸಾರ್ಟಿನ ಗೇಟಿನಿಂದ ಹೋಗಕೂಡದು, ರಸ್ತೆ ಸುತ್ತಿ ಹೋಗಬೇಕು. ಓದುತ್ತಾ ಓದುತ್ತಾ, ಪೆಟ್ ಫ್ರೆಂಡ್ಲಿ ಎಂದರೆ ಬಹುಶಃ ಫೋಟೋದಲ್ಲಿರುವ ಪೆಟ್ಟಿಗೆ ಎಂದುಕೊಂಡೆ. ಅದನ್ನೂ ನುಂಗಿಕೊಂಡೆ. ಸಮುದ್ರದ ಗಾಳಿಗೆ ಮನುಷ್ಯರು ದೊಡ್ಡ ಮನಸ್ಸಿನವರಾಗುತ್ತಾರಂತೆ.

ಆಗ ಮ್ಯಾನೇಜರು ಬೋಂಡನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಇದು ಜಾತಿ ನಾಯಿ ಅಲ್ಲ ಅಲ್ವಾ ಮೇಡಂ?"

ಹಾಳೆಯ ಕೊನೆಯಲ್ಲಿ ಬಾಲ್ ಪೆನ್ನಿನಲ್ಲಿ ಗೀಚಿತ್ತು, ನಾನು ನೋಡಿರಲಿಲ್ಲ: ಜಾತಿ ನಾಯಿಗಳಿಗೆ ಮಾತ್ರ ರೂಮು. "ಬೀದಿ ನಾಯಿ ಆದ್ರೆ ಹಿಂದೆ ಶೆಡ್ ಉಂಟು. ಜನರೇಟರ್ ಪಕ್ಕ. ಅಲ್ಲಿ ಕಟ್ಟಿ ಹಾಕ್ಬಹುದು." ನಾಯಿಗೆಂದು ಬೇರೆ ಚಾರ್ಜು ಕೊಟ್ಟಿದ್ದೇವಲ್ಲ ಎಂದೆ. "ಅದು ಶೆಡ್ಡಿಗೂ ಅಷ್ಟೇ ಮೇಡಂ."

ಇಲ್ಲಿಂದ ಮುಂದೆ ನಾನು ತಾವು ಗೀವು ಅನ್ನುವುದಿಲ್ಲ. ನೀವು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆ ಹೊಸದಲ್ಲ. "ನೀವು ಯಾವ ಪೈಕಿ?" ಎಂದು ಕೇಳುತ್ತಾರೆ. ಉತ್ತರ ರುಚಿಸದಿದ್ದರೆ, ಅಯ್ಯೋ, ಬೆಳಿಗ್ಗೆ ತಾನೇ ಒಬ್ಬರು ಟೋಕನ್ ಕೊಟ್ಟು ಹೋದರಲ್ಲಾ ಎನ್ನುತ್ತಾರೆ. ಆ ಪುಣ್ಯಾತ್ಮರೂ ದುಡ್ಡು ತೆಗೆದುಕೊಳ್ಳುವ ಮೊದಲು ಕೇಳುತ್ತಾರೆ ಕಣ್ರೀ. ಮನುಷ್ಯರ ಪೈಕಿ ವಿಚಾರಿಸಿ ಮುಗಿಯಿತು, ಈಗ ನಾಯಿಗಳ ಸರದಿಯೇ? ಬೋಂಡ ಸಿಕ್ಕಿದ್ದು ಮೋರಿ ಪಕ್ಕ, ಮಳೆಯಲ್ಲಿ. ಅವನ ಅಪ್ಪ ಯಾರೆಂದು ಅವನಮ್ಮ ನಮಗೆ ಹೇಳಲಿಲ್ಲ, ನಾವು ಕೇಳಲಿಲ್ಲ.

ನಿಮ್ಮ ಲಾನಿನ ಮೇಲೆ (ಹೌದು, ಲಾನಿನ ಮೇಲೆಯೇ) ಯಾರದೋ ಹಸ್ಕಿ ಮಲಗಿತ್ತು. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ವಂಶದ ನಾಯಿ, ಕರಾವಳಿಯ ಸೆಕೆಯಲ್ಲಿ ಅಂಗೈ ಉದ್ದ ನಾಲಗೆ ಚಾಚಿಕೊಂಡು ಏದುತ್ತಿತ್ತು. ಅದಕ್ಕೆ ಎಸಿ ರೂಮಂತೆ. ಕೊಡಿ, ಪಾಪ, ಕೊಡಲೇಬೇಕು. ಆದರೆ ಈ ನೆಲದ ಬಿಸಿಲಿಗೇ ಹುಟ್ಟಿ, ಈ ನೆಲದ ಅನ್ನ ಸಾರೇ ತಿಂದು ಬೆಳೆದವನಿಗೆ ಜನರೇಟರ್ ಪಕ್ಕದ ಶೆಡ್ಡು. ನಮ್ಮ ಯಜಮಾನರು ಕಿವಿಯಲ್ಲಿ, "ಮುಧೋಳ ಅಂದುಬಿಡು" ಎಂದರು. ಮುಧೋಳ ತಳಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂದಿದೆ, ಸೈನ್ಯದವರೂ ಅದಕ್ಕೆ ತರಬೇತಿ ಕೊಟ್ಟಿದ್ದಾರೆ, ಸ್ವಲ್ಪ ಮರ್ಯಾದೆ ಸಿಗುತ್ತಿತ್ತು. ಆದರೆ ಮುಧೋಳ ನಾಯಿಯ ಸೊಂಟ ಸಣ್ಣ. ಬೋಂಡನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ ಇದ್ದವು. ರೇಬೀಸ್ ಇಂಜೆಕ್ಷನ್ ಆಗಿದೆಯಾ? ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು, ಯಾರೂ ಕೇಳಲಿಲ್ಲ. ಉಣ್ಣೆ ಇದೆಯಾ? ಬೇರೆ ನಾಯಿ ಕಂಡರೆ ಹಾರುತ್ತದಾ? ಚೈನಿಲ್ಲದೆ ಬಿಡುತ್ತೀರಾ? ಕೇಳಲಿಲ್ಲ. ಮಧ್ಯಾಹ್ನದ ಮರಳಿಗೆ ನಾಯಿಯ ಪಾದ ಸುಡುತ್ತದೆ, ಬಿಸಿಲೇರುವ ಮೊದಲೋ ಸಂಜೆಯೋ ಹೋಗಿ, ಉಪ್ಪುನೀರು ಕುಡಿದರೆ ಹೊಟ್ಟೆ ಕೆಡುತ್ತದೆ, ಕುಡಿಯುವ ನೀರು ಜೊತೆಗಿರಲಿ, ಬಲೆ ಎಳೆಯುವ ಕಡೆ ಬಿಡಬೇಡಿ, ಗಾಳ ಚುಚ್ಚೀತು. ನಾಯಿ ಸಾಕಿದವರು ಎಂದರೆ ಇಂಥದ್ದನ್ನು ಹೇಳುತ್ತಾರೆ. ನಿಮ್ಮವರು ಕೇಳಿದ್ದು ಜಾತಿ ಒಂದನ್ನೇ. ಹುಚ್ಚು ಹಿಡಿದ ಜಾತಿ ನಾಯಿ ಬಂದಿದ್ದರೆ ಬೀಗದ ಕೈ ಕೊಟ್ಟು, ಮೇಲೆ ಎಳನೀರನ್ನೂ ಕೆತ್ತಿ ಕೊಡುತ್ತಿದ್ದರು.

ಧರ್ಮರಾಯನ ಕಥೆ ನಿಮಗೂ ಗೊತ್ತು. ತಮ್ಮಂದಿರು, ಹೆಂಡತಿ ದಾರಿಯಲ್ಲೇ ಬಿದ್ದರು, ಕೊನೆಗೆ ಉಳಿದದ್ದು ಒಂದು ನಾಯಿ. ಇಂದ್ರ ರಥ ತಂದು ನಿಲ್ಲಿಸಿದ. ನಾಯಿ ಇದ್ದವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂದ. ಇಂದ್ರನದೂ ಒಂದು ರೆಸಾರ್ಟೇ ಅನ್ನಿ. ಆದರೆ ನೋಡಿ, ರಥ ಹತ್ತುವ ಮೊದಲೇ ಹೇಳಿದ. ಯಾವ ತಳಿ ಎಂದು ಕೇಳಲಿಲ್ಲ. ಅಡ್ವಾನ್ಸು ತೆಗೆದುಕೊಂಡಿರಲಿಲ್ಲ. ಕೊನೆಗೆ ಆ ನಾಯಿ ಸಾಕ್ಷಾತ್ ಯಮಧರ್ಮನೇ ಆಗಿತ್ತು. ಶೆಡ್ಡಿನಲ್ಲಿ ಯಾರನ್ನು ಕಟ್ಟಿಹಾಕುತ್ತಿದ್ದೀರಿ ಎಂದು ಆಗಾಗ ನೋಡಿಕೊಳ್ಳುತ್ತಿರಿ.

ಪುರಾಣ ಬೇಡವೆಂದರೆ ಶಾಸನ ತೆಗೆದುಕೊಳ್ಳಿ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, ಹತ್ತನೇ ಶತಮಾನದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಕಾಳಿ ಹಂದಿಯೊಂದಿಗೆ ಹೋರಾಡಿ ಸತ್ತಾಗ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ದೇವರೆದುರು, ಕಣ್ರೀ. ನಿಮ್ಮ ಲಾನಿಗಿಂತ ಅದು ಕಡಿಮೆ ಜಾಗವೇ?

ಅಡ್ವಾನ್ಸು ಕೇಳಿದೆ. ವಾಪಸ್ಸು ಕೊಡುವ ಪದ್ಧತಿ ಇಲ್ಲವಂತೆ, ಮುಂದಿನ ಸಲ ಬಂದಾಗ ಹಿಡಿದುಕೊಳ್ಳುತ್ತಾರಂತೆ. ಅದೂ ಶನಿವಾರ, ಭಾನುವಾರ, ರಜೆ, ಹಬ್ಬ ಬಿಟ್ಟು. ಅಂದರೆ ಮಕ್ಕಳು ಸ್ಕೂಲು ಕಾಲೇಜಿನಲ್ಲಿರುವ ದಿನ, ಯಜಮಾನರು ಆಫೀಸಿನಲ್ಲಿರುವ ದಿನ, ನಾನು ಮತ್ತು ಬೋಂಡ ಬಂದು ಜನರೇಟರ್ ಪಕ್ಕ ಸಮುದ್ರದ ಸದ್ದು ಕೇಳಬಹುದು. ಇಂದ್ರನನ್ನು ಇನ್ನೊಮ್ಮೆ ನೆನೆದೆ. ಅವನು ಅಡ್ವಾನ್ಸು ತೆಗೆದುಕೊಂಡಿರಲಿಲ್ಲ.

ನಿಮ್ಮಿಂದ ಒಂದು ಉಪಕಾರವೂ ಆಯಿತು, ಸುಳ್ಳು ಹೇಳಬಾರದು. ದಿನಕ್ಕೆ "ಹೂಂ", "ಗೊತ್ತು", "ಆಮೇಲೆ" ಬಿಟ್ಟು ಬೇರೆ ಮಾತಾಡದ ನನ್ನ ಮಗ ಕೌಂಟರಿನ ಮುಂದೆ ನಿಂತು ಪೂರ್ತಿ ವಾಕ್ಯಗಳಲ್ಲಿ ಜಗಳವಾಡಿದ. ಅವನ ಕನ್ನಡ ಇಷ್ಟು ಚೆನ್ನಾಗಿದೆಯೆಂದು ನಮಗೆ ಗೊತ್ತಿರಲಿಲ್ಲ. ಮಗಳು ಶೆಡ್ಡಿನ ಫೋಟೋ ತೆಗೆದಳು, ಜನರೇಟರ್ ಸದ್ದಿನ ಸಮೇತ ವಿಡಿಯೋ ಮಾಡಿದಳು. ಆ ವಿಡಿಯೋ ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ಈ ವಯಸ್ಸಿನ ಮಕ್ಕಳು ನಮ್ಮ ಮಾತು ಎಲ್ಲಿ ಕೇಳುತ್ತಾರೆ.

ಈಗ ತ್ರಾಸಿಯ ಹತ್ತಿರ ಒಂದು ಮನೆಯಲ್ಲಿದ್ದೇವೆ. ಎಸಿ ಇಲ್ಲ, ವೈಫೈ ಇಲ್ಲ, ಮಕ್ಕಳು ಗೊಣಗುತ್ತಿದ್ದಾರೆ. ಸೊಳ್ಳೆ ಉಂಟು. ಮನೆಯೊಡತಿ ಬೋಂಡನನ್ನು ನೋಡಿ ಒಂದೇ ನಿಯಮ ಹೇಳಿದರು: "ಕೋಳಿ ಹಿಡಿದ್ರೆ ಕೋಳಿ ದುಡ್ಡು ಕೊಡ್ಕ್." ಮುಗಿಯಿತು. ಲ್ಯಾಮಿನೇಶನ್ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಬೀದಿ ನಾಯಿ ಬೇಡವೆಂದರೆ ಬೇಡವೆನ್ನಿ, ಜಾಗ ನಿಮ್ಮದು. ಆದರೆ ಬಾಲ್ ಪೆನ್ನಿನ ಆ ಸಾಲನ್ನು ಡ್ರಾಯರಿನಲ್ಲಿ ಇಡಬೇಡಿ, ಗೇಟಿನ ಮೇಲೆ ಹೃದಯದ ಪಕ್ಕದಲ್ಲೇ ಬರೆಸಿ. ಅದಕ್ಕೂ ಲೈಟು ಹಾಕಿಸಿ. ಘಾಟಿ ಇಳಿದು ಬರುವವರಿಗೆ ದೂರದಿಂದಲೇ ಕಾಣಲಿ. ನನ್ನ ಅಡ್ವಾನ್ಸು ಈ ವಾರದೊಳಗೆ ಬರಲಿ.

ಇತಿ,
ಯಾವ ಪೈಕಿಯೂ ಅಲ್ಲದ ಬೋಂಡನ ಯಜಮಾನಿ

ತಾ.ಕ.: ಮಗಳು ಈಗಷ್ಟೇ ಬಂದು, ವಿಡಿಯೋಗೆ ಹಿನ್ನೆಲೆ ಸಂಗೀತ ಯಾವುದು ಹಾಕಲಿ ಎಂದು ಕೇಳುತ್ತಿದ್ದಾಳೆ. ಅಡ್ವಾನ್ಸು ಬರುವ ತನಕ ಯೋಚಿಸು ಎಂದಿದ್ದೇನೆ.