ಕಿರುಬೆರಳಿನ ಶಾಪ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ಎಷ್ಟು ಮಕ್ಕಳ ತಲೆಗೆ ಲೆಕ್ಕ ಹತ್ತಿತೋ ಗೊತ್ತಿಲ್ಲ. ಕಿರುಬೆರಳು ಎತ್ತಿ ‘ಸಾರ್, ಒಂದಕ್ಕೆ...’ ಎಂದವರನ್ನೆಲ್ಲ ‘ಬೆಲ್ ಹೊಡೆಯೋವರೆಗೂ ತಡ್ಕೊಳ್ಳೋ’ ಎಂದು ಕೂರಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಆ ಮಕ್ಕಳ ಶಾಪ ತಟ್ಟಿದ್ದು ನಿವೃತ್ತಿಯಾದ ಎರಡನೇ ವರ್ಷ.

ಪತ್ತೆ ಹಚ್ಚಿದವಳು ಹೆಂಡತಿ. ‘ರೀ, ರಾತ್ರಿ ನಾಲ್ಕು ಸಲ ಎದ್ರಿ. ಅಷ್ಟೊಂದು ಹೊತ್ತು ಬಚ್ಚಲಲ್ಲಿ ನಿಂತು ಯಾವ ಪ್ರಮೇಯ ಬಿಡಿಸ್ತೀರಾ?’ ವಯಸ್ಸಾಯ್ತಲ್ಲ, ಎಂದೆ. ನಾವು ಮೈಸೂರಿನವರು; ಬೆಳಿಗ್ಗೆ ಪೇಪರ್ ಬಿಡಿಸಿದರೆ ಮೊದಲು ನೋಡುವುದು ಕೆಆರ್‌ಎಸ್‌ನ ಒಳಹರಿವು, ಹೊರಹರಿವು. ನನ್ನ ಅಣೆಕಟ್ಟಿನಲ್ಲಿ ಒಳಹರಿವಿಗೆ ಕೊರತೆಯಿರಲಿಲ್ಲ, ಗೇಟು ಮಾತ್ರ ಪೂರ್ತಿ ಏಳುತ್ತಿರಲಿಲ್ಲ. ಬಂತೆಂದು ಓಡಿದರೆ ಬರುವುದಿಲ್ಲ. ಬಂದರೆ ನಿಂತು ನಿಂತು. ಮುಗಿಯಿತೆಂದು ಹೊದ್ದು ಮಲಗಿದರೆ ಮುಗಿದಿರುವುದಿಲ್ಲ.

ಆದರೂ ಡಾಕ್ಟರ ಹತ್ತಿರ ಹೋದದ್ದು ನಮ್ಮ ಭಾವನ ಗತಿ ನೋಡಿದ ಮೇಲೆ. ಅವರಿಗೂ ಇದೇ ಕಾಟ, ಯಾರಿಗೂ ಹೇಳಿರಲಿಲ್ಲ. ಮದುವೆಮನೆಯಲ್ಲಿ ಮೂಗು ಸೋರುತ್ತದೆಂದು ಯಾವುದೋ ನೆಗಡಿ ಮಾತ್ರೆ ನುಂಗಿದರು. ಮೂಗಿನ ಜೊತೆಗೆ ಕೆಳಗಿನದೂ ಕಟ್ಟಿತು. ಆರತಕ್ಷತೆ ಬಿಟ್ಟು ಆಸ್ಪತ್ರೆಗೆ ಓಡಿ, ನಳಿಕೆ ಹಾಕಿಸಿಕೊಂಡು, ‘ಸ್ವರ್ಗ ಕಂಡೆ ಕಣಯ್ಯಾ’ ಎಂದರು.

ಡಾಕ್ಟರು ನನ್ನ ಕೈಗೆ ಪ್ರಶ್ನೆಪತ್ರಿಕೆಯನ್ನೇ ಕೊಟ್ಟರು. ಏಳು ಪ್ರಶ್ನೆ, ಒಟ್ಟು 35 ಅಂಕ. ನಾನು ಕಲಿಸುವಾಗ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು, ಇಲ್ಲಿ 35 ಬಂದವನ ಕಥೆ ಮುಗಿದಂತೆ. ನನಗೆ 17 ಬಂತು. 8ರಿಂದ 19ರವರೆಗೆ ಮಧ್ಯಮ. ಇಲ್ಲೂ ಮಧ್ಯಮ ವರ್ಗವೇ!

ಆಮೇಲೆ ಅವರು ಕೈಗವಸು ತೊಟ್ಟು, ಗೋಡೆ ಕಡೆ ತಿರುಗಿ ಮಲಗಿ ಎಂದರು. ಈ ಕಾಟದ ಮೂಲವಾದ ಪ್ರೊಸ್ಟೇಟ್ ಗ್ರಂಥಿಯನ್ನು ಮುಟ್ಟಿ ನೋಡುವುದು ಹಿಂದಿನ ಬಾಗಿಲಿನಿಂದಲೇ. ಕಿರುಬೆರಳಿನ ಪಾಪಕ್ಕೆ ತೋರುಬೆರಳಿನ ಶಿಕ್ಷೆ.

ನಿಜವಾದ ಪರೀಕ್ಷೆ ಮುಂದಿತ್ತು. ‘ಚೆನ್ನಾಗಿ ನೀರು ಕುಡಿದು ತಡ್ಕೊಂಡಿರಿ ಸಾರ್’ ಎಂದಳು ಸಿಸ್ಟರ್. ಒಂದೂವರೆ ಲೀಟರ್ ಕುಡಿದು ಕಾರಿಡಾರಿನಲ್ಲಿ ಗೋಡೆಗೆ ಒರಗಿ, ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಕೊನೆಗೆ ಒಳಗೆ ಕಳಿಸಿದರು. ಒಂದು ಆಲಿಕೆ, ಅದರ ಕೆಳಗೆ ಹರಿವು ಅಳೆಯುವ ಯಂತ್ರ. ಯಂತ್ರದ ಮುಂದೆ ನಿಂತದ್ದೇ ತಡ, ಕಾರಿಡಾರಿನಲ್ಲಿ ಜೀವ ಹಿಂಡುತ್ತಿದ್ದದ್ದು ಮೌನವ್ರತ ಹಿಡಿಯಿತು. ‘ಆಯ್ತಾ ಸಾರ್?’ ಎಂದು ಹೊರಗಿನಿಂದ ದನಿ. ‘ಇನ್ನೂ ಶುರುವಾಗಿಲ್ಲಮ್ಮ.’ ‘ನಲ್ಲಿ ಬಿಟ್ಕೊಳ್ಳಿ ಸಾರ್, ಸದ್ದು ಕೇಳಿದ್ರೆ ಬರುತ್ತೆ.’ ಬಂತು. ಸೆಕೆಂಡಿಗೆ 9 ಮಿಲಿಲೀಟರ್. 15ರ ಮೇಲಿದ್ದರೆ ಚಿಂತೆಯಿಲ್ಲವಂತೆ.

ಸ್ಕ್ಯಾನಿಂಗಿನಲ್ಲಿ ಗ್ರಂಥಿಯ ತೂಕ 48 ಗ್ರಾಂ. ಹರೆಯದಲ್ಲಿ ಸುಮಾರು 20 ಇರುತ್ತದೆ. ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕೂತದ್ದು ಉಬ್ಬಿದಾಗ ನಡುವಿನ ದಾರಿ ಕಿರಿದಾಗುತ್ತದೆ. ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಬದಲಾಗುವುದೂ ಇಲ್ಲ; ಆದರೂ ಅದು ಬೇರೆಯಾಗಿ ಬಂದಿಲ್ಲವೆಂದು ನೋಡಲು ಪಿಎಸ್‌ಎ ರಕ್ತಪರೀಕ್ಷೆ. ತೂಕಕ್ಕೂ ತೊಂದರೆಗೂ ತಾಳೆಯಿಲ್ಲ ಎಂದೂ ಹೇಳಿದರು. ಎಂಬತ್ತು ಗ್ರಾಮಿನವನು ಗೊರಕೆ ಹೊಡೆಯುತ್ತಿರಬಹುದು. ನಾಯಿಗಳಿಗೂ ಈ ಉಬ್ಬು ಬರುತ್ತದಂತೆ. ಅಂದಿನಿಂದ ಬೀದಿಯ ಕಂಬದ ಬಳಿ ಬಹಳ ಹೊತ್ತು ಕಾಲೆತ್ತಿ ನಿಂತ ನಾಯಿಗೆ ನಾನು ಕಲ್ಲು ಬೀರಿಲ್ಲ.

ರಾತ್ರಿ ಊಟವಾದ ಮೇಲೆ ಒಂದು ಟ್ಯಾಮ್ಸುಲೋಸಿನ್ ಮಾತ್ರೆ. ಮೂತ್ರಕೋಶದ ಕುತ್ತಿಗೆಯ ಬಿಗಿ ಸಡಿಲಿಸುತ್ತದೆ. ತಟ್ಟನೆ ಎದ್ದರೆ ತಲೆ ಸುತ್ತೀತು. ಕಣ್ಣಿನ ಪೊರೆ ತೆಗೆಸುವ ಮುಂಚೆ ಈ ಮಾತ್ರೆಯ ವಿಷಯ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕಂತೆ. ಇದು ಪಾಪೆಯ ಸುತ್ತಲಿನ ಸ್ನಾಯುವನ್ನೂ ಸಡಿಲಿಸುತ್ತದೆ. ಎಲ್ಲಿಂದೆಲ್ಲಿಗೆ ನಂಟು! ಗ್ರಂಥಿಯನ್ನೇ ಕುಗ್ಗಿಸುವ ಇನ್ನೊಂದು ಮಾತ್ರೆಗೆ ಆರು ತಿಂಗಳ ತಾಳ್ಮೆ ಬೇಕು. ಅದಕ್ಕೂ ಬಗ್ಗದಿದ್ದರೆ, ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಕೆರೆದು ತೆಗೆಯುತ್ತಾರೆ. ನನ್ನದು ಸದ್ಯ ಮಾತ್ರೆಗೆ ಬಗ್ಗಿದೆ. ಸಂಜೆಯ ಎರಡನೇ ಕಾಫಿಯನ್ನು ಹೆಂಡತಿ ರದ್ದು ಮಾಡಿದ್ದಾಳೆ. ನಾಲ್ಕು ಸಲ ಏಳುತ್ತಿದ್ದವನು ಈಗ ಒಂದು ಸಲ ಏಳುತ್ತೇನೆ.

ಮೊನ್ನೆ ಮಡಿಕೇರಿ ಬಸ್ಸಿನಲ್ಲಿ, ಹುಣಸೂರು ದಾಟಿದ ಮೇಲೆ, ತಡೆಯಲಾಗಲಿಲ್ಲ. ಬಸ್ಸಿನ ತುಂಬ ಜನ, ಬಾಯಿಬಿಟ್ಟು ಹೇಳಲು ನಾಚಿಕೆ. ಕಂಡಕ್ಟರಿಗೆ ಕಿರುಬೆರಳು ತೋರಿಸಿದೆ. ಮೊಮ್ಮಗನ ವಯಸ್ಸಿನ ಹುಡುಗ. ‘ಪಿರಿಯಾಪಟ್ಟಣದವರೆಗೂ ತಡ್ಕೊಳ್ಳಿ ಸಾರ್’ ಎಂದ. ನನ್ನದೇ ದನಿ, ನನ್ನದೇ ರಾಗ. ಪುಣ್ಯಕ್ಕೆ ನರೆಗೂದಲಿನ ಡ್ರೈವರು ಕನ್ನಡಿಯಲ್ಲಿ ನನ್ನ ಬೆರಳು ನೋಡಿ, ಮಾತಿಲ್ಲದೆ ಒಂದು ಪೆಟ್ರೋಲ್ ಬಂಕಿಗೆ ಬಸ್ಸು ತಿರುಗಿಸಿದರು.

ನಾನೊಬ್ಬನೇ ಇಳಿದೆ ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಹಿಂದೆ ಆರು ಜನ, ಎಲ್ಲರೂ ಅರವತ್ತರ ಆಚೆಯವರು, ಕೊನೆಗೆ ಡ್ರೈವರು. ಇದ್ದದ್ದು ಒಂದೇ ಶೌಚಾಲಯ. ಒಳಗೆ ಹೋದವರು ಎಷ್ಟು ಹೊತ್ತಾದರೂ ಯಾರೂ ಬಾಗಿಲು ತಟ್ಟಲಿಲ್ಲ. ಬಸ್ಸಿನೊಳಗಿಂದ ಕಂಡಕ್ಟರು ಸೀಟಿ ಊದುತ್ತಲೇ ಇದ್ದ.

ನನ್ನ ಹಿಂದಿದ್ದ ಖಾದಿ ಜುಬ್ಬದವರು ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು: ‘ನಿಮ್ಮದೆಷ್ಟು ಗ್ರಾಂ?’

‘ನಲವತ್ತೆಂಟು.’

‘ನಂದು ಅರವತ್ತೆರಡು’ ಎಂದು ಅವರು ಜುಬ್ಬದ ತೋಳು ಮಡಚಿಕೊಂಡರು.