ಆ ರೇಡಿಯೊದ ಒಳಗನ್ನು ಬಗೆಯಬೇಡಿ



ಹಳೇ ವಾಲ್ವ್ ರೇಡಿಯೊ ಕೊಂಡು, ಒಳಗಿನದನ್ನೆಲ್ಲ ಕಿತ್ತು, ಬ್ಲೂಟೂತ್ ಸ್ಪೀಕರ್ ಕೂರಿಸುವವರಿಗೆ ಈ ಬಹಿರಂಗ ಪತ್ರ. ಕೆಫೆಗಳಲ್ಲಿ, ಹೋಂಸ್ಟೇಗಳಲ್ಲಿ, ಪರಿಚಯದವರ ಹಜಾರಗಳಲ್ಲಿ ನಿಮ್ಮ ಕೈಕೆಲಸ ನೋಡಿದ್ದೇನೆ. ಮರದ ಪೆಟ್ಟಿಗೆಗೆ ಹೊಸ ಪಾಲಿಶ್, ಡಯಲ್ ಹಿಂದೆ ಎಲ್‌ಇಡಿ ಪಟ್ಟಿ; ಗುಂಡಿ ತಿರುಗಿಸಿದರೆ ಮುಳ್ಳು ಅಲ್ಲಾಡುವುದಿಲ್ಲ. ಹಳೆಯದರ ಮೇಲೆ ನಿಮಗೆ ಪ್ರೀತಿಯಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಪ್ರೀತಿ ಪೆಟ್ಟಿಗೆಯ ಒಳಕ್ಕೂ ಇಳಿಯಲಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ನೀವು ಗುಜರಿಗೆ ಹಾಕಿದ ಚಾಸಿಯ ವಾಲ್ವ್‌ಗಳನ್ನು ಒರೆಸಿ ನೋಡಿದ್ದರೆ ಕೆಲವದರ ಗಾಜಿನ ಮೇಲೆ ಬಿಇಎಲ್ ಎಂಬ ಅಚ್ಚು ಕಾಣುತ್ತಿತ್ತೇನೋ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್ ಮಾಡಲು ಶುರುಮಾಡಿತು. ಅಲ್ಲಿ ತಯಾರಾದ ವಾಲ್ವ್‌ಗಳನ್ನು ಆಂಪ್ಲಿಫೈಯರ್ ಕಟ್ಟುವ ಹವ್ಯಾಸಿಗಳು ಹೊರದೇಶಗಳಲ್ಲೂ ಹುಡುಕಿ ಕೊಳ್ಳುತ್ತಾರೆ. ಅವನ್ನು ನಾವು ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದೇವೆ.

‘ಕೆಟ್ಟುಹೋಗಿತ್ತು, ಅದಕ್ಕೇ ಕಿತ್ತೆವು’ ಅನ್ನುತ್ತೀರಿ. ಬಹಳ ಸಲ ಕೆಟ್ಟಿರುವುದು ಕೆಪಾಸಿಟರ್‌ಗಳು ಮಾತ್ರ. ಕಾಗದದ ಸುರುಳಿಯ ಹಳೇ ಕೆಪಾಸಿಟರ್ ಸೋರಿದರೆ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ ಹೋಗಬಾರದ ವೋಲ್ಟೇಜ್ ಹೋಗುತ್ತದೆ; ವಾಲ್ವ್ ಮಿತಿಮೀರಿ ಕರೆಂಟ್ ಎಳೆದು, ಕೊನೆಗೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಹಾಗಾಗಿ ವರ್ಷಗಟ್ಟಲೆ ಅಟ್ಟದಲ್ಲಿದ್ದ ಸೆಟ್ಟಿನ ಪ್ಲಗ್ಗನ್ನು ನೇರ ಚುಚ್ಚಬಾರದು. ಬಲ್ಲವರು ಮೊದಲು ಫಿಲಮೆಂಟ್ ಬಲ್ಬೊಂದನ್ನು ಸೀರೀಸ್‌ನಲ್ಲಿ ಹಾಕಿ ನೋಡುತ್ತಾರೆ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಪ್ಲಗ್ ಕಿತ್ತ ಮೇಲೂ ಒಳಗೆ ಇನ್ನೂರಕ್ಕೂ ಹೆಚ್ಚು ವೋಲ್ಟ್ ಉಳಿದಿರಬಹುದು. ಗೊತ್ತಿಲ್ಲದವರು ಕೈಹಾಕಬೇಡಿ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ರಿಪೇರಿಯಾದ ಸೆಟ್ಟನ್ನು ಸಂಜೆಹೊತ್ತು ಆನ್ ಮಾಡಿ. ಮೊದಲು ಏನೂ ಕೇಳುವುದಿಲ್ಲ. ವಾಲ್ವ್ ಒಳಗಿನ ತಂತಿ ನಿಧಾನ ಕೆಂಪಾಗಿ, ಸ್ಪೀಕರಿನಿಂದ ಸಣ್ಣ ಗುಂಯ್‌ಗುಡುವಿಕೆ ಬಂದು, ಮ್ಯಾಜಿಕ್ ಐ ಎಂಬ ಟ್ಯೂನಿಂಗ್ ಸೂಚಕ ಇರುವ ಸೆಟ್ಟಾದರೆ ಅದರ ಹಸಿರು ಬೆಳಕು ಹರಡಿಕೊಳ್ಳುತ್ತದೆ. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಹತ್ತಿರವಾದಂತೆ ಆ ಹಸಿರಿನ ನಡುವಿನ ಕಪ್ಪು ಸೀಳು ಕಿರಿದಾಗುತ್ತಾ ಬರುತ್ತದೆ. ಸೀಳು ತೀರಾ ಸಣ್ಣದಾದಲ್ಲಿ ಕೈ ನಿಲ್ಲಿಸಿ. ಹತ್ತಿರದ ಎಲ್‌ಇಡಿ ದೀಪಗಳನ್ನು ಆರಿಸಿದರೆ ಕರಕರ ಸದ್ದು ಇನ್ನೂ ಕಡಿಮೆಯಾಗುತ್ತದೆ. ಅಗಲವಾದ ಕಾಗದದ ಕೋನ್ ಮರದ ಪೆಟ್ಟಿಗೆಯೊಳಗಿಂದ ಮನುಷ್ಯರ ಮಾತನ್ನು ಎಷ್ಟು ತುಂಬಿಕೊಡುತ್ತದೆಂಬುದು ಒಂದು ವಾರ್ತೆ ಕೇಳಿದರೂ ಸಾಕು, ತಿಳಿಯುತ್ತದೆ.

ಫೋನಿನ ಹಾಡೂ ಬೇಕೆ? ಅನೇಕ ಸೆಟ್ಟುಗಳ ಹಿಂದೆ ಗ್ರಾಮಫೋನ್ ಜೋಡಿಸಲೆಂದು ಬಿಟ್ಟ ಪಿಕಪ್ ಸಾಕೆಟ್ ಇರುತ್ತದೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ ಮೆಕ್ಯಾನಿಕ್ ಅಲ್ಲಿಗೇ ಪುಟ್ಟ ಬ್ಲೂಟೂತ್ ರಿಸೀವರ್ ಸೇರಿಸಿಕೊಡುತ್ತಾರೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟಿನ ಚಾಸಿಯಲ್ಲೇ ಕರೆಂಟ್ ಹರಿಯಬಹುದು, ಅದರಲ್ಲಿ ಈ ಸಾಹಸ ಬೇಡ. ಪಿಕಪ್ ಸಾಕೆಟ್‌ಗೆ ಹೀಗೆ ಜೋಡಿಸಿದಾಗ ನಿಮ್ಮ ಹಾಡು ಅದೇ ವಾಲ್ವ್, ಅದೇ ಸ್ಪೀಕರ್ ಮೂಲಕ ಬರುತ್ತದೆ, ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ.

ಇಷ್ಟಾದರೂ ಪೆಟ್ಟಿಗೆ ಮಾತ್ರ ಸಾಕೆನ್ನುವವರಲ್ಲಿ ಒಂದೇ ವಿನಂತಿ: ಚಾಸಿಯನ್ನು ಒಡೆಯದೆ, ವಾಲ್ವ್‌ಗಳನ್ನು ಕಾಗದದಲ್ಲಿ ಸುತ್ತಿ, ನಿಮ್ಮೂರಿನ ಹಳೇ ರೇಡಿಯೊ ಮೆಕ್ಯಾನಿಕ್‌ಗೆ ತಲುಪಿಸಿ. ಅವರ ಬೆಂಚಿನ ಮೇಲೆ ಇನ್ನಾರದೋ ಸೆಟ್ಟು ಆ ಚಾಸಿಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಕಾಯುತ್ತಿರಬಹುದು.

ಇಂತಿ,
ಹಳೇ ರೇಡಿಯೊ ಕೇಳುವವನೊಬ್ಬ